ಮೇನ್ ರೋಡ್‌ಗೆ ಟಚ್ ಇದೆ ಸಾರ್!

ದೊಡ್ಡ ರಸ್ತೆಯ ಪಕ್ಕದ ಮನೆಗೆ ಮುಂಗಡ ಕೊಡುವ ಮುನ್ನ ನೋಡಬೇಕಾದ್ದು, ಕೇಳಬೇಕಾದ್ದು, ಲೆಕ್ಕ ಹಾಕಬೇಕಾದ್ದು

ಮನೆ ನೋಡುವ ಕೆಲಸಕ್ಕೆ ನಮ್ಮಲ್ಲಿ ಭಾನುವಾರದ ಬೆಳಿಗ್ಗೆಯೇ ಮುಹೂರ್ತ. ಆಫೀಸಿಗೆ ರಜೆ, ಮಕ್ಕಳಿಗೆ ರಜೆ, ಊರಿಂದ ಬಂದ ಮಾವನವರಿಗೂ ಪುರುಸೊತ್ತು. ರಾಹುಕಾಲ ಶುರುವಾಗುವುದು ಸಂಜೆ ನಾಲ್ಕೂವರೆಗೆ, ಹಾಗಾಗಿ ಅಜ್ಜಿಯ ತಕರಾರೂ ಇಲ್ಲ. ಹತ್ತು ಗಂಟೆಗೆ ಸರಿಯಾಗಿ ಬ್ರೋಕರ್ ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿರುತ್ತಾನೆ. ‘ಮೇನ್ ರೋಡ್‌ಗೆ ಟಚ್ ಇದೆ ಸಾರ್. ಬಸ್‌ಸ್ಟಾಪ್ ಎದುರಿಗೇ. ಮುಂದೆ ಮೆಟ್ರೊ ಬೇರೆ ಬರುತ್ತೆ. ಇಂಥ ಪ್ರಾಪರ್ಟಿ ಮತ್ತೆ ಸಿಗಲ್ಲ.’ ರಸ್ತೆಯಲ್ಲಿ ನಾಲ್ಕು ಬೈಕು, ಒಂದು ಹಾಲಿನ ವ್ಯಾನು. ಮನೆಯವರೆಲ್ಲ ಒಳಗೆ ಹೋಗಿ ಅಡುಗೆಮನೆಯ ಕಟ್ಟೆ, ದೇವರಮನೆಯ ದಿಕ್ಕು, ಬೋರ್‌ವೆಲ್ ನೀರು ಎಲ್ಲವನ್ನೂ ವಿಚಾರಿಸುತ್ತಾರೆ. ರಸ್ತೆಯ ಬಗ್ಗೆ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಅಡಿ?’ ‘ಎಂಬತ್ತು ಅಡಿ ಸಾರ್.’ ಎಲ್ಲರಿಗೂ ಸಮಾಧಾನ.

ಇಡೀ ವಾರದಲ್ಲಿ ಆ ರಸ್ತೆ ಅತ್ಯಂತ ಸಭ್ಯವಾಗಿರುವ ಹೊತ್ತು ಅದು. ಅದೇ ಜಾಗದಲ್ಲಿ ಮಂಗಳವಾರ ರಾತ್ರಿ ಹನ್ನೊಂದಕ್ಕೆ ನಿಂತು ನೋಡಿ. ಬೆಂಗಳೂರಿನೊಳಗೆ ಹಗಲಿನ ದಟ್ಟಣೆಯ ವೇಳೆ ಸರಕು ಲಾರಿಗಳಿಗೆ ನಿರ್ಬಂಧವಿದೆ. ಜಲ್ಲಿ, ಎಂ-ಸ್ಯಾಂಡ್, ಕಬ್ಬಿಣ ಹೊತ್ತ ಲಾರಿಗಳು ಊರ ಹೊರಗೆ ಕಾದಿದ್ದು ರಾತ್ರಿಯಾದ ಮೇಲೆ ಒಳಗೆ ಬರುತ್ತವೆ. ಕಲಾಸಿಪಾಳ್ಯ, ಆನಂದರಾವ್ ವೃತ್ತ, ಮಡಿವಾಳದಿಂದ ಹೊರಟ ಸ್ಲೀಪರ್ ಬಸ್ಸುಗಳು ಅದೇ ಹೊತ್ತಿಗೆ ತುಮಕೂರು ರಸ್ತೆಯನ್ನೋ ಹೊಸೂರು ರಸ್ತೆಯನ್ನೋ ಹಿಡಿಯುತ್ತವೆ. ಮನೆಯ ಮುಂದೊಂದು ಹಂಪ್ ಇದ್ದರಂತೂ ಪ್ರತಿ ಲಾರಿಯೂ ಅಲ್ಲಿ ಬ್ರೇಕ್ ಹಾಕಿ, ಗೇರ್ ಬದಲಿಸಿ, ಖಾಲಿ ಟ್ರಾಲಿಯನ್ನು ಧಡಾರನೆ ಕುಣಿಸಿಯೇ ಮುಂದೆ ಹೋಗುತ್ತದೆ.

ಮನೆಯ ಕುಂದುಗಳಿಗೆ ದುಡ್ಡಿನ ಮದ್ದುಂಟು. ಟೈಲ್ಸ್ ಕೀಳಿಸಬಹುದು, ಸೋರುವ ತಾರಸಿಗೆ ಲೇಪ ಹೊಡೆಸಬಹುದು. ರಸ್ತೆಯ ವಿಷಯದಲ್ಲಿ ಕೊಂಡವರಿಗೆ ಯಾವ ಅಧಿಕಾರವೂ ಇಲ್ಲ. ಹಾಗಿದ್ದರೂ ಮನೆಗೆ ಹತ್ತು ಪರೀಕ್ಷೆ ಮಾಡುವ ನಾವು ರಸ್ತೆಗೆ ಒಂದನ್ನೂ ಮಾಡುವುದಿಲ್ಲ.

ಒಂದೇ ರಸ್ತೆ, ಎರಡು ಬೆಲೆ

ನಮ್ಮ ಊರುಗಳಲ್ಲಿ ಒಂದು ವಿಚಿತ್ರವಿದೆ. ನಿವೇಶನವಾದರೆ ಮುಖ್ಯರಸ್ತೆಗೆ ಮುಖಮಾಡಿದ್ದು ದುಬಾರಿ, ಒಳಗಿನ ಕ್ರಾಸಿನದು ಅಗ್ಗ. ಅದೇ ರಸ್ತೆಯ ಮೇಲೆ ಅಪಾರ್ಟ್‌ಮೆಂಟ್ ಎದ್ದರೆ ಲೆಕ್ಕ ತಿರುವುಮುರುವು. ಹಿಂಭಾಗದ, ಉದ್ಯಾನದ ಕಡೆಗೆ ತೆರೆದ ಫ್ಲ್ಯಾಟ್‌ಗೆ ಬಿಲ್ಡರ್ ಹೆಚ್ಚುವರಿ ಹಣ ಕೇಳುತ್ತಾನೆ. ರಸ್ತೆಯ ಕಡೆಯ ಬಾಲ್ಕನಿಗಳು ಕೊನೆಗೆ ಮಾರಾಟವಾಗುತ್ತವೆ.

ನಿವೇಶನದ ಬೆಲೆಯೊಳಗೆ ಅಂಗಡಿ ಅಡಗಿದೆ. ಇವತ್ತಲ್ಲದಿದ್ದರೆ ನಾಳೆ ನೆಲಮಹಡಿಯಲ್ಲಿ ಮೆಡಿಕಲ್ ಸ್ಟೋರು, ಮೊಬೈಲ್ ಅಂಗಡಿ, ಬ್ಯಾಂಕಿನ ಎಟಿಎಂ ಬರಬಹುದು, ಅದರ ಬಾಡಿಗೆ ಕೈಗೆ ಸಿಗಬಹುದು ಎಂಬ ಆಸೆಗೆ ಕಟ್ಟಿದ ಬೆಲೆ ಅದು. ರಸ್ತೆ ಅಗಲವಾದಷ್ಟೂ ಕಟ್ಟಲು ಅನುಮತಿ ಸಿಗುವ ಮಹಡಿಯ ಪ್ರಮಾಣ, ಅಂದರೆ ಎಫ್‌ಎಆರ್ ಕೂಡ ಹೆಚ್ಚು. ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಅಂಗಡಿ ಇಡಲಾಗದು. ಅಲ್ಲಿ ಮಾರಾಟಕ್ಕಿರುವುದು ವಾಸ ಮಾತ್ರ. ಹಾಗಾಗಿ ವಾಸಕ್ಕೆ ರಸ್ತೆಯ ನಿಜವಾದ ಬೆಲೆ ಎಷ್ಟೆಂದು ಫ್ಲ್ಯಾಟ್‌ಗಳ ಮಾರುಕಟ್ಟೆ ಪ್ರಾಮಾಣಿಕವಾಗಿ ಹೇಳಿಬಿಡುತ್ತದೆ. ಆ ಬೆಲೆ ಸೊನ್ನೆಗಿಂತ ಕೆಳಗಿದೆ.

ಇಲ್ಲಿಂದ ಹುಟ್ಟುವ ಪ್ರಶ್ನೆಯೇ ಎಲ್ಲಕ್ಕೂ ಮೊದಲಿನದು. ನೀವು ಕೊಳ್ಳುತ್ತಿರುವುದು ದುಡಿಯುವ ಮನೆಯನ್ನೋ, ಮಲಗುವ ಮನೆಯನ್ನೋ? ಮಲಗುವ ಮನೆಯಾದರೆ, ಅಂಗಡಿಯ ಆಸೆಗೆ ಏರಿದ ಬೆಲೆ ತೆತ್ತು ಅಂಗಡಿಯ ಗದ್ದಲದಲ್ಲಿ ಬದುಕಲು ಹೊರಟಂತಾಯಿತು. ಮುಖ್ಯರಸ್ತೆಯ ಮಾರ್ಗಸೂಚಿ ದರವೂ ಹೆಚ್ಚು. ರಾಜ್ಯದಲ್ಲಿ 45 ಲಕ್ಷ ರೂಪಾಯಿ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2. ಹೆಚ್ಚು ದರದ ಮೇಲೆ ಈ ಶುಲ್ಕಗಳೂ ಹೆಚ್ಚುತ್ತವೆ.

ದುಡಿಯುವ ಮನೆಯಾದರೆ ಆ ಲೆಕ್ಕವನ್ನೂ ಪೂರ್ತಿ ಹಾಕಬೇಕು. ವಾಸದ ನಕ್ಷೆಗೆ ಅನುಮತಿ ಪಡೆದ ಕಟ್ಟಡದಲ್ಲಿ ಅಂಗಡಿ ತೆರೆದರೆ ಉದ್ದಿಮೆ ಪರವಾನಗಿ, ವಾಣಿಜ್ಯ ವಿದ್ಯುತ್ ಸಂಪರ್ಕ, ಹೆಚ್ಚಿನ ಆಸ್ತಿ ತೆರಿಗೆ ಒಂದೊಂದಾಗಿ ಬರುತ್ತವೆ. ಪಾರ್ಕಿಂಗ್ ಇಲ್ಲದ ಅಂಗಡಿಗೆ ಇವತ್ತು ಒಳ್ಳೆಯ ಬಾಡಿಗೆದಾರ ಸಿಗುವುದೂ ಕಷ್ಟ.

55 ಮತ್ತು 45

ಶಬ್ದಕ್ಕೆ ನಮ್ಮಲ್ಲಿ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಮಿತಿ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ವಾಣಿಜ್ಯ ಪ್ರದೇಶದಲ್ಲಿ ಇದು 65 ಮತ್ತು 55. ಪಕ್ಕದ ಕಲ್ಯಾಣ ಮಂಟಪದ ಧ್ವನಿವರ್ಧಕ ರಾತ್ರಿ ಮಿತಿ ಮೀರಿದರೆ ಪೊಲೀಸರಿಗೆ ಫೋನ್ ಮಾಡಬಹುದು. ಆದರೆ ಇಡೀ ಹೊರವರ್ತುಲ ರಸ್ತೆಯ ಮೇಲೆ ಯಾರಿಗೆ ದೂರು ಕೊಡುವುದು?

ಡೆಸಿಬಲ್‌ನ ಗಣಿತ ನಮ್ಮ ಸಾಮಾನ್ಯ ಲೆಕ್ಕದಂತಿಲ್ಲ. 10 ಡೆಸಿಬಲ್ ಏರಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಯಿತು, ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರಾಯಿತು ಎಂದರ್ಥ. ರಸ್ತೆಯ ಮೇಲಿನ ವಾಹನಗಳು ಅರ್ಧಕ್ಕರ್ಧ ಕಡಿಮೆಯಾದರೂ ಇಳಿಯುವುದು ಬರೀ 3 ಡೆಸಿಬಲ್. ರಸ್ತೆಯಿಂದ ಇರುವ ದೂರವನ್ನು ಎರಡು ಪಟ್ಟು ಮಾಡಿದರೂ ಬಯಲಿನಲ್ಲಿ ಸುಮಾರು ಅಷ್ಟೇ ಇಳಿಯುತ್ತದೆ. ನಿಜವಾಗಿ ಕೆಲಸ ಮಾಡುವುದು ಅಡ್ಡ ನಿಂತ ಕಟ್ಟಡ. ರಸ್ತೆಗೂ ನಿಮಗೂ ನಡುವೆ ಒಂದು ಸಾಲು ಮನೆ ಒತ್ತಾಗಿ ನಿಂತಿದ್ದರೆ, ಬರೀ ದೂರ ಮಾಡಲಾಗದ್ದನ್ನು ಆ ಸಾಲು ಮಾಡುತ್ತದೆ. ಮುಖ್ಯರಸ್ತೆಯ ಮನೆಗೂ ಎರಡನೇ ಕ್ರಾಸಿನ ಮನೆಗೂ ಇರುವ ವ್ಯತ್ಯಾಸ ನಕ್ಷೆಯಲ್ಲಿ ಕಾಣುವುದಕ್ಕಿಂತ ಕಿವಿಗೆ ಎಷ್ಟೋ ಹೆಚ್ಚಾಗಿರುವುದು ಇದರಿಂದಲೇ.

‘ಅಭ್ಯಾಸ ಆಗುತ್ತೆ ಬಿಡಿ, ಒಂದು ತಿಂಗಳು ಅಷ್ಟೇ’ ಎಂದು ಮಾರುವವರು ಹೇಳುತ್ತಾರೆ. ಅರ್ಧ ಸತ್ಯ. ಮನಸ್ಸು ಒಗ್ಗಿಕೊಳ್ಳುತ್ತದೆ, ಎಚ್ಚರವಾಗುವುದು ಕಡಿಮೆಯಾಗುತ್ತದೆ. ಆದರೆ ನಿದ್ದೆಯಲ್ಲೂ ಕಿವಿ ಮುಚ್ಚಿರುವುದಿಲ್ಲ. ಲಾರಿ ಹಾದುಹೋದಾಗ ನಾಡಿಬಡಿತ ಏರುವುದು, ಗಾಢನಿದ್ರೆ ತೆಳುವಾಗುವುದು ವರ್ಷಗಳ ನಂತರವೂ ನಿಲ್ಲುವುದಿಲ್ಲವೆಂದು ನಿದ್ರೆಯ ಅಧ್ಯಯನಗಳು ತೋರಿಸಿವೆ. ರಸ್ತೆಯ ಶಬ್ದಕ್ಕೂ ಹೃದ್ರೋಗಕ್ಕೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. 2018ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಾಹನಗಳ ರಾತ್ರಿ ಶಬ್ದ 45 ಡೆಸಿಬಲ್‌ಗಿಂತ ಕೆಳಗಿರಬೇಕೆಂದು ಅದು ಸೂಚಿಸಿತು. ನಮ್ಮ ನಿಯಮದಲ್ಲಿರುವ ರಾತ್ರಿಯ ಅಂಕಿಯೂ ಅದೇ. ಕೊರತೆ ಇರುವುದು ರಸ್ತೆಯಲ್ಲಿ.

ಎಲೆಕ್ಟ್ರಿಕ್ ಬಸ್ಸು, ಸ್ಕೂಟರುಗಳು ಬಂದರೆ ಎಲ್ಲ ಸರಿಹೋಗುತ್ತದೆಂಬ ಮಾತಿನಲ್ಲೂ ಪೂರ್ತಿ ಹುರುಳಿಲ್ಲ. ಸಿಗ್ನಲ್ ಬಳಿ, ನಿಧಾನವಾಗಿ ಚಲಿಸುವ ಕಡೆ ಅವು ಖಂಡಿತ ತಣ್ಣಗೆ ಓಡುತ್ತವೆ. ವೇಗ ಹೆಚ್ಚಿದಂತೆ ಎಂಜಿನ್ನಿನ ಸದ್ದನ್ನು ಟೈರಿನ ಸದ್ದು ಮೀರಿಸುತ್ತದೆ, ಟೈರು ಎಲ್ಲಕ್ಕೂ ಒಂದೇ. ಹಾರ್ನ್ ಕೂಡ.

ಗಾಳಿಗೆ ಮೀಟರ್ ಲೆಕ್ಕ

ಹೊಗೆಯ ಕತೆ ಶಬ್ದಕ್ಕಿಂತ ಸ್ವಲ್ಪ ಆಶಾದಾಯಕ. ವಾಹನಗಳು ಉಗುಳುವ ಅತಿಸೂಕ್ಷ್ಮ ಕಣಗಳು ರಸ್ತೆಯ ಅಂಚಿನಲ್ಲಿ ದಟ್ಟವಾಗಿದ್ದು, ಮೊದಲ ನೂರು ನೂರೈವತ್ತು ಮೀಟರ್‌ಗಳಲ್ಲೇ ವೇಗವಾಗಿ ಇಳಿಯುತ್ತವೆ. ಲಾಸ್ ಏಂಜಲೀಸ್‌ನ ಹೆದ್ದಾರಿಗಳ ಪಕ್ಕ ಅಳೆದಾಗ ಸುಮಾರು 300 ಮೀಟರ್ ದಾಟುವಷ್ಟರಲ್ಲಿ ಅವು ಊರಿನ ಸಾಮಾನ್ಯ ಮಟ್ಟಕ್ಕೆ ಬಂದಿದ್ದವು. ಇಂಥ ಅಳತೆಗಳ ಆಧಾರದ ಮೇಲೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ 2005ರಲ್ಲಿ ಒಂದು ಸಲಹೆ ಕೊಟ್ಟಿತು: ದಿನಕ್ಕೆ ಒಂದು ಲಕ್ಷ ವಾಹನ ಓಡುವ ನಗರದ ರಸ್ತೆ ಅಥವಾ ಹೆದ್ದಾರಿಯಿಂದ 500 ಅಡಿಯೊಳಗೆ ಹೊಸ ಮನೆ, ಶಾಲೆ ಬೇಡ.

2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ದಕ್ಷಿಣ ಕ್ಯಾಲಿಫೋರ್ನಿಯಾದ 3,677 ಮಕ್ಕಳನ್ನು ಎಂಟು ವರ್ಷ ಹಿಂಬಾಲಿಸಿತ್ತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಬೆಳೆದವರ ಶ್ವಾಸಕೋಶದ ಬೆಳವಣಿಗೆ ದೂರದಲ್ಲಿದ್ದವರಿಗಿಂತ ಹಿಂದೆ ಬಿದ್ದಿತ್ತು. ಅದೇ ಪತ್ರಿಕೆಯಲ್ಲಿ 2017ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಸುಮಾರು 66 ಲಕ್ಷ ವಯಸ್ಕರ ದಾಖಲೆಗಳನ್ನು ಆಧರಿಸಿದ ಅಧ್ಯಯನ ಬಂತು. ದೊಡ್ಡ ರಸ್ತೆಯಿಂದ 50 ಮೀಟರ್ ಒಳಗಿರುವವರಲ್ಲಿ ಮರೆಗುಳಿ ಕಾಯಿಲೆಯ ಸಾಧ್ಯತೆ ಶೇ 7ರಷ್ಟು ಹೆಚ್ಚಿತ್ತು, 50ರಿಂದ 100 ಮೀಟರ್‌ನಲ್ಲಿ ಶೇ 4, 200ರವರೆಗೆ ಶೇ 2. ಅದರಾಚೆ ವ್ಯತ್ಯಾಸ ಕಾಣಲಿಲ್ಲ. ರಸ್ತೆಯೇ ಕಾಯಿಲೆ ತಂದಿತೆಂದು ಇದು ಸಾಬೀತು ಮಾಡುವುದಿಲ್ಲ. ಆದರೆ ದೂರ ಹೆಚ್ಚಿದಂತೆ ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿರುವುದನ್ನು ಕಡೆಗಣಿಸಲೂ ಆಗುವುದಿಲ್ಲ.

ಆ ರಸ್ತೆಗಳೇ ಬೇರೆ, ನಮ್ಮವೇ ಬೇರೆ. ಅಲ್ಲಿಯವು ಬಯಲಿನ ಹೆದ್ದಾರಿಗಳು. ಇಲ್ಲಿ ಎರಡೂ ಕಡೆ ಐದಂತಸ್ತಿನ ಕಟ್ಟಡ ಎದ್ದ ಕಿರಿದಾದ ರಸ್ತೆಯಲ್ಲಿ ಹೊಗೆ ಹೊರಹೋಗಲು ದಾರಿಯಿಲ್ಲದೆ ಸುಳಿಯುತ್ತದೆ. ಗಾಡಿ ಓಡುವ ಕಡೆಗಿಂತ ನಿಂತು ನಿಂತು ಹೊರಡುವ ಕಡೆ ಹೊಗೆ ಹೆಚ್ಚು. ಆದ್ದರಿಂದ ಸಿಗ್ನಲ್, ಬಸ್ ನಿಲ್ದಾಣ, ಏರುದಾರಿ, ಇವುಗಳ ಪಕ್ಕದ ಮನೆಯನ್ನು ಅದೇ ರಸ್ತೆಯ ಉಳಿದ ಮನೆಗಳ ಸಾಲಿಗೆ ಸೇರಿಸಬಾರದು. ಅಪಾರ್ಟ್‌ಮೆಂಟಿನಲ್ಲಿ ಮೇಲೆ ಹೋದಂತೆ ಧೂಳು ಕಡಿಮೆ ಎನ್ನುವುದು ನಿಜ. ಶಬ್ದ ಮಾತ್ರ ಅಷ್ಟು ಸುಲಭವಾಗಿ ಬಿಡುವುದಿಲ್ಲ. ನೆಲಮಹಡಿಗೆ ಕಾಂಪೌಂಡ್ ಗೋಡೆಯ ಮರೆಯಾದರೂ ಇರುತ್ತದೆ, ಆರನೇ ಮಹಡಿಗೆ ಇಡೀ ರಸ್ತೆ ಕಾಣುತ್ತದೆ. ಕಾಣುವುದೆಲ್ಲ ಕೇಳಿಸುತ್ತದೆ.

ನಾಳೆಯ ರಸ್ತೆ ಯಾವುದು?

ಇವತ್ತಿನ ರಸ್ತೆ ನೋಡಿ ಮನೆ ಕೊಳ್ಳುವವರು ನಾಳೆಯ ರಸ್ತೆಯಲ್ಲಿ ಬದುಕುತ್ತಾರೆ. ಮಲ್ಲೇಶ್ವರದ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳಿಗೆ ಹೆಸರು ಬಂದದ್ದು ಮರಗಳಿಂದ. ವಾಹನಗಳು ಹೆಚ್ಚಿದಂತೆ ಅವು ಏಕಮುಖ ಸಂಚಾರದ ರಸ್ತೆಗಳಾದವು, ಮನೆಗಳ ಜಾಗದಲ್ಲಿ ಮಳಿಗೆಗಳು ಎದ್ದವು. ಇಂದಿರಾನಗರದ ನೂರಡಿ ರಸ್ತೆ ಒಂದು ಕಾಲಕ್ಕೆ ನಿವೃತ್ತರ, ತೋಟದ ಮನೆಗಳ ರಸ್ತೆ. ಇವತ್ತು ಅದು ಪಬ್ಬು, ಶೋರೂಮುಗಳ ರಸ್ತೆ. ಒಂದು ಬೀದಿಯನ್ನು ಏಕಮುಖ ಮಾಡಲು ಸಂಚಾರ ಪೊಲೀಸರ ಒಂದು ಆದೇಶ ಸಾಕು. ಮರುದಿನದಿಂದ ನಿಮ್ಮ ಮನೆ ಮುಂದೆ ಎರಡು ರಸ್ತೆಗಳ ವಾಹನ ಓಡುತ್ತದೆ.

ತದ್ವಿರುದ್ಧವೂ ನಡೆಯುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಬೈಪಾಸ್ ಮಾಡಿತು. ಹಳೇ ರಸ್ತೆಯ ಬೊಂಬೆ ಅಂಗಡಿ, ಹೋಟೆಲುಗಳ ವ್ಯಾಪಾರ ಕುಸಿಯಿತು. ಆದರೆ ದೂರದ ಪ್ರಯಾಣಿಕರು ಬರಲಿಲ್ಲವೆಂದು ಅಂಗಡಿಯವರು ಕೊರಗಿದ ಅದೇ ರಾತ್ರಿ, ರಸ್ತೆ ಪಕ್ಕ ಮಲಗುವವರಿಗೆ ಲಾಭ. ದುಡಿಯುವ ಮನೆಗೂ ಮಲಗುವ ಮನೆಗೂ ಹಿತ ಬೇರೆ ಬೇರೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

‘ಮುಂದೆ ಮೆಟ್ರೊ ಬರುತ್ತೆ’ ಎಂಬ ಮಾತಿನಲ್ಲಿ ‘ಮುಂದೆ’ ಎಂದರೆ ಎಷ್ಟು ವರ್ಷ ಎಂದು ಕೇಳಬೇಕು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಇರುವ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ನಡುವೆ ಕಾಮಗಾರಿಯ ಬ್ಯಾರಿಕೇಡು, ಧೂಳು, ಡೀವಿಯೇಷನ್ನುಗಳ ಜೊತೆ ಬದುಕಿದ ಮನೆಗಳ ಲೆಕ್ಕ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಮೇಲ್ಸೇತುವೆ ಬಂದರೆ ಇನ್ನೊಂದು ಅವಸ್ಥೆ. ಎರಡನೇ ಮಹಡಿಯ ಕಿಟಕಿಯ ಎತ್ತರಕ್ಕೆ ಸರಿಯಾಗಿ ಬಸ್ಸುಗಳು ಓಡತೊಡಗುತ್ತವೆ.

ಎಲ್ಲಕ್ಕಿಂತ ದೊಡ್ಡ ಭಯ ರಸ್ತೆ ಅಗಲೀಕರಣದ್ದು. ಕಾಂಪೌಂಡಿನ ಮೇಲೆ ಬಣ್ಣದ ಗುರುತು ಬಿದ್ದ ದಿನದಿಂದ ಆ ಮನೆ ಮಾರುವುದೂ ಕಷ್ಟ, ದುರಸ್ತಿ ಮಾಡಿಸುವುದೂ ಕಷ್ಟ. ಹುಬ್ಬಳ್ಳಿ–ಧಾರವಾಡದ ನಡುವೆ ಬಿಆರ್‌ಟಿಎಸ್ ಬಸ್ ಮಾರ್ಗಕ್ಕಾಗಿ ಪಿ.ಬಿ. ರಸ್ತೆ ಅಗಲವಾದಾಗ ರಸ್ತೆ ಬದಿಯ ಎಷ್ಟೋ ಕಟ್ಟಡಗಳು ಮುಂಭಾಗ ಕಳೆದುಕೊಂಡವು. ಹೋದ ಜಾಗಕ್ಕೆ ನಗದಿನ ಬದಲು ಟಿಡಿಆರ್, ಅಂದರೆ ಬೇರೆಡೆ ಹೆಚ್ಚುವರಿ ಕಟ್ಟಿಕೊಳ್ಳುವ ಅಥವಾ ಮಾರಿಕೊಳ್ಳುವ ಹಕ್ಕಿನ ಪತ್ರ ಕೊಡಲು ಕರ್ನಾಟಕದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಅವಕಾಶವಿದೆ. ಬಿಲ್ಡರುಗಳಿಗೆ ಅದರ ಉಪಯೋಗ ಗೊತ್ತು. ಮೂವತ್ತು–ನಲವತ್ತರ ಸೈಟಿನಲ್ಲಿ ಹತ್ತಡಿ ಕಳೆದುಕೊಂಡವರಿಗೆ ಆ ಕಾಗದದಿಂದ ಹಾಲ್ ವಾಪಸ್ ಬರುವುದಿಲ್ಲ. ಹೊಸ ರಸ್ತೆಯ ಕತೆ ಇನ್ನೂ ದೀರ್ಘ. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್‌ಗೆ 2007ರಲ್ಲೇ ಅಂತಿಮ ಅಧಿಸೂಚನೆ ಬಂತು. ಯೋಜನೆಗೆ ಬಿಸಿನೆಸ್ ಕಾರಿಡಾರ್ ಎಂದು ಹೆಸರು ಬದಲಾಗುವಷ್ಟು ಕಾಲ ಕಳೆದರೂ ಆ ಗೆರೆಯೊಳಗೆ ಸಿಕ್ಕ ಜಮೀನಿನವರು ಮಾರಲಾಗದೆ, ಕಟ್ಟಲಾಗದೆ ಕಾದರು.

ಹೆದ್ದಾರಿ ಪಕ್ಕದ ಜಾಗವಾದರೆ ರಸ್ತೆಯ ಮಧ್ಯದಿಂದ ಅಳೆಯುವ ಕಟ್ಟಡ ರೇಖೆ ಎಲ್ಲಿ ಬರುತ್ತದೆಂದು ನೋಡಬೇಕು. ಊರಾಚೆಯ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿ ಅದು 40 ಮೀಟರ್. ಅದರೊಳಗೆ ಎದ್ದ ಮನೆ ಎಷ್ಟು ಚೆಂದವಿದ್ದರೂ ಅದಕ್ಕೆ ಆಯುಷ್ಯವಿಲ್ಲ.

ಕಿಟಕಿಗೆ ಬೀಗ ಹಾಕಿ ಬದುಕುವುದೇ?

ಈಗಾಗಲೇ ಕೊಂಡವರು, ಬೇರೆ ದಾರಿಯಿಲ್ಲದವರು ಏನು ಮಾಡಬಹುದು? ಮೊದಲು ಕೋಣೆಗಳನ್ನು ಅದಲುಬದಲು ಮಾಡಬೇಕು. ರಸ್ತೆಯ ಕಡೆಗೆ ಹಾಲ್, ಮೆಟ್ಟಿಲು, ಬಚ್ಚಲು, ಹಿಂದಕ್ಕೆ ಮಲಗುವ ಕೋಣೆ. ಖರ್ಚಿಲ್ಲದ ಈ ಉಪಾಯ ದುಬಾರಿ ಗಾಜಿಗಿಂತ ಹೆಚ್ಚು ಫಲ ಕೊಡುತ್ತದೆ. ಆಮೇಲೆ ಸಂದುಗಳು. ಶಬ್ದ ಗಾಜನ್ನು ತೂರಿ ಬರುವುದಕ್ಕಿಂತ ಚೌಕಟ್ಟಿನ ಬಿರುಕಿನಿಂದ, ಸ್ಲೈಡಿಂಗ್ ಕಿಟಕಿಯ ಸಡಿಲ ಅಂಚಿನಿಂದ, ಬಾಗಿಲಿನ ಕೆಳಗಿನಿಂದ ನುಗ್ಗುತ್ತದೆ. ರಬ್ಬರ್ ಪಟ್ಟಿ ಕೂತಿರುವ, ಒತ್ತಿ ಮುಚ್ಚುವ ಕಿಟಕಿಗೆ ಎರಡು ಪದರದ ಅಥವಾ ಲ್ಯಾಮಿನೇಟೆಡ್ ಗಾಜು ಹಾಕಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ರಸ್ತೆಯನ್ನು ಕಣ್ಣಿಗೆ ಮರೆಮಾಡುವಷ್ಟು ಎತ್ತರದ, ತೂತಿಲ್ಲದ ಗೋಡೆಯೂ ಉಪಯೋಗಕ್ಕೆ ಬರುತ್ತದೆ. ಒಂದು ಸಾಲು ಗಿಡ ನೆಟ್ಟರೆ ಧೂಳು ಸ್ವಲ್ಪ ತಡೆಯಬಹುದು, ಮನಸ್ಸಿಗೂ ಹಿತ. ಶಬ್ದಕ್ಕೆ ಮಾತ್ರ ಅದರಿಂದ ಹೆಚ್ಚೇನೂ ಆಗದು.

ಇದೆಲ್ಲ ಕಿಟಕಿ ಮುಚ್ಚಿದಾಗ ಮಾತ್ರ. ಬೆಂಗಳೂರು, ಮೈಸೂರು, ಧಾರವಾಡದ ಮನೆಗಳು ತೆರೆದ ಕಿಟಕಿಗಾಗಿಯೇ ಕಟ್ಟಿದವು. ಸಂಜೆಯ ತಂಗಾಳಿಗೆ ಬಾಗಿಲು ತೆರೆದಿಡುವ ಊರಿನಲ್ಲಿ ವರ್ಷವಿಡೀ ಕಿಟಕಿ ಮುಚ್ಚಿ ಎ.ಸಿ. ಹಾಕುವ ಖರ್ಚು, ಬೇಸರ ಎರಡನ್ನೂ ಮನೆಯ ಬೆಲೆಗೆ ಸೇರಿಸಿಕೊಳ್ಳಬೇಕು.

ಮಳೆಗಾಲದ ಲೆಕ್ಕ ಬೇರೆ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ವೈಟ್‌ಟಾಪಿಂಗ್ ಬಿದ್ದು ರಸ್ತೆ ಮೇಲೇರುತ್ತ ಹೋಗುತ್ತದೆ, ಮನೆಯ ಪಾಯ ಇದ್ದಲ್ಲೇ ಇರುತ್ತದೆ. ಹಳೇ ಮನೆಯಾದರೆ ಗೇಟಿನಿಂದ ಒಳಗೆ ಇಳಿಯಬೇಕೋ ಹತ್ತಬೇಕೋ ನೋಡಿ. ಇಳಿಯಬೇಕೆಂದರೆ ಚರಂಡಿ ತುಂಬಿದ ದಿನ ನೀರೂ ಅಲ್ಲಿಗೇ ಇಳಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ಕೋಟ್ಯಂತರ ರೂಪಾಯಿಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ರಾಜ್ಯವೆಲ್ಲ ಕಂಡಿದೆ.

ಯಾರಿಗೆ ಒಪ್ಪುತ್ತದೆ?

ಹಾಗೆಂದು ದೊಡ್ಡ ರಸ್ತೆಯ ಮನೆ ಯಾರಿಗೂ ಬೇಡ ಎನ್ನಲಾಗದು. ಕ್ಲಿನಿಕ್ ಇಡುವ ವೈದ್ಯರಿಗೆ, ಕೆಳಗೆ ಅಂಗಡಿ ಮೇಲೆ ಮನೆ ಎಂದು ಬದುಕುವ ವ್ಯಾಪಾರಿಗೆ ಅದೇ ಸರಿ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ದೀಪ, ಜನ ಇರುವ ರಸ್ತೆ ಕತ್ತಲ ಕ್ರಾಸಿಗಿಂತ ಮೇಲು. ಪದೇ ಪದೇ ಆಸ್ಪತ್ರೆಗೆ ಓಡಬೇಕಾದ ಹಿರಿಯರಿಗೆ ಆಟೊ ಎದುರಿಗೇ ಸಿಗುವುದು ಸಣ್ಣ ವಿಷಯವಲ್ಲ. ಬಾಡಿಗೆಗೆ ಕೊಡಲು ಕೊಳ್ಳುವವರ ಲೆಕ್ಕವೂ ಬೇರೆ.

ಪುಟ್ಟ ಮಕ್ಕಳಿರುವ ಮನೆಗೆ, ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರಿಗೆ, ಮನೆಯಿಂದಲೇ ಕೆಲಸ ಮಾಡುವವರಿಗೆ ಅದು ಒಪ್ಪುವುದಿಲ್ಲ. ಗೇಟು ತೆಗೆದರೆ ರಸ್ತೆ ಎನ್ನುವ ಮನೆಯಲ್ಲಿ ಮಗುವಿನ ಹಿಂದೆ ಯಾರಾದರೂ ಸದಾ ಇರಬೇಕು. ಕಾರನ್ನು ಹಿಮ್ಮುಖವಾಗಿ ಹೊರತೆಗೆಯುವಾಗ ಒಬ್ಬರು ರಸ್ತೆಗಿಳಿದು ಕೈ ಅಡ್ಡ ಹಿಡಿಯಬೇಕು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ನಿರಾತಂಕವಾಗಿ ಬಗ್ಗಿ ರಂಗೋಲಿ ಇಡುವಷ್ಟು ಜಾಗ, ಹೊತ್ತು ಮನೆ ಮುಂದೆ ಇದೆಯೇ ಎಂದು ಮನೆಯ ಹೆಂಗಸರನ್ನು ಕೇಳಿದರೆ ಎಷ್ಟೋ ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರ ಸಿಗುತ್ತದೆ.

ಮುಂಗಡ ಕೊಡುವ ಮುನ್ನ

• ವಾರದ ದಿನ ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಹನ್ನೊಂದರ ನಂತರ, ಬೆಳಗಿನ ಜಾವ ಐದಕ್ಕೆ ಹೋಗಿ. ಮಲಗುವ ಕೋಣೆಯಲ್ಲಿ ಕಿಟಕಿ ತೆರೆದು, ಮುಚ್ಚಿ, ಎರಡೂ ರೀತಿ ಕೂತು ಕೇಳಿ. ಮೊಬೈಲ್ ಆ್ಯಪ್ ತೋರಿಸುವ ಡೆಸಿಬಲ್ ನಿಖರವಲ್ಲ, ಎರಡು ಮನೆಗಳನ್ನು ಹೋಲಿಸಲು ಸಾಕು.

• ಮಾಲೀಕರನ್ನು ಬಿಟ್ಟು ಪಕ್ಕದ ಮನೆಯ ಬಾಡಿಗೆದಾರರನ್ನು ಮಾತನಾಡಿಸಿ. ಮಾರುವ ಹಂಗು ಅವರಿಗಿಲ್ಲ.

• ಋಣಭಾರ ಪತ್ರ, ಖಾತೆಯ ಜೊತೆಗೆ ಮಾಸ್ಟರ್ ಪ್ಲಾನ್‌ನಲ್ಲಿ ಆ ರಸ್ತೆಗೆ ತೋರಿಸಿರುವ ಅಗಲ ನೋಡಿ. ಈಗಿನ ಅಗಲಕ್ಕಿಂತ ಅದು ಹೆಚ್ಚಿದ್ದರೆ, ಆ ವ್ಯತ್ಯಾಸ ಯಾರ ಕಾಂಪೌಂಡಿನಿಂದ ಬರಬೇಕೆಂದು ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸಿ.

• ಕಿಟಕಿ, ಎ.ಸಿ., ಗೋಡೆಯ ಖರ್ಚು ಬರೆದಿಟ್ಟು ಅಷ್ಟನ್ನಾದರೂ ಬೆಲೆಯಲ್ಲಿ ಇಳಿಸಿ ಕೇಳಿ. ರಸ್ತೆ ಕಡೆಯ ಫ್ಲ್ಯಾಟ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ನೀವು ಮಾರುವ ದಿನ ಬರುವವರೂ ಅದೇ ರಿಯಾಯಿತಿ ಕೇಳುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಮನಸ್ಸು ತೂಗುತ್ತಿದ್ದರೆ ಅದೇ ಬಡಾವಣೆಯಲ್ಲಿ ಒಳಗೆ ನಡೆಯಿರಿ. ಐದು ನಿಮಿಷದ ನಡಿಗೆ ಎಂದರೆ ಹೆಚ್ಚುಕಡಿಮೆ ನಾನೂರು ಮೀಟರ್. ಒಂಟಾರಿಯೊದ ಅಂಕಿ ಇಲ್ಲವಾಗುವುದು, ಲಾಸ್ ಏಂಜಲೀಸ್‌ನ ಹೊಗೆ ಕರಗುವುದು ಅದಕ್ಕೂ ಮೊದಲೇ. ಬಸ್ಸು, ಮೆಟ್ರೊ, ಔಷಧದಂಗಡಿ ಎಲ್ಲವೂ ಆ ಐದು ನಿಮಿಷದಲ್ಲೇ ಸಿಗುತ್ತವೆ, ಬೆಲೆಯೂ ಇಳಿದಿರುತ್ತದೆ. ಮಾರುವವರು ಆ ನಡಿಗೆಯನ್ನು ಕುಂದೆಂದು ಮುಚ್ಚಿಡುತ್ತಾರೆ. ಮಲಗುವ ಮನೆ ಹುಡುಕುವವರು ಕೇಳಿ ಪಡೆಯಬೇಕಾದ್ದು ಅದನ್ನೇ.